ಪವಿತ್ರ ಗುರುವಾರದ ಒಂದು ಚೆಂಬು ನೀರು

ರಬ್ಬರ್ ಹಾಲಿನ ಹುಳಿ ವಾಸನೆ ಬಂದರೆ ಈಗಲೂ ರಬ್ಬರ್ ಟ್ಯಾಪಿಂಗ್ ಮಾಡುತ್ತಿದ್ದ ಪಪ್ಪನ ಕಾಲು ನೆನಪಾಗುತ್ತದೆ. ಪವಿತ್ರ ಗುರುವಾರ ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ ನಮ್ಮ ಇಗರ್ಜಿಯಲ್ಲಿ ಪಾದ್ರಿಗಳು ಹನ್ನೆರಡು ಗಂಡಸರ ಕಾಲು ತೊಳೆಯುತ್ತಿದ್ದರು. ಆ ವರ್ಷ ಪಪ್ಪನೂ ಒಬ್ಬರು. ಮಧ್ಯಾಹ್ನವಿಡೀ ಅವರು ತೆಂಗಿನ ನಾರಿನಿಂದ ಬಲಗಾಲನ್ನು ಮಾತ್ರ ತಿಕ್ಕಿದರು. “ಪಾದ್ರಿಗಳು ತೊಳೆಯುವುದು ಒಂದೇ ಕಾಲಲ್ವಾ” ಎಂದರು.

ಸಂಜೆ ಇಗರ್ಜಿಯ ಬಲಿಪೂಜೆ ಮುಗಿಸಿ ಬಂದ ಪಪ್ಪ, ಕುಡಿಯುವ ನೀರನ್ನೂ ತಾವಾಗಿ ತೆಗೆದುಕೊಳ್ಳದ ಆ ಮನುಷ್ಯ, ಚೆಂಬಿನಲ್ಲಿ ನೀರು ತಂದು, ಬೆಂಚಿನಲ್ಲಿದ್ದ ಅಮ್ಮನ ಮುಂದೆ ನೆಲದಲ್ಲಿ ಕೂತರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

“ಎಂತ ಇದು, ಮಕ್ಕಳು ನೋಡ್ತಾರೆ” ಎಂದಳು ಅಮ್ಮ.

“ನೋಡಲಿ. ಕಾಲು ಕೊಡು.”

ಬಲಗಾಲು ತೊಳೆದು ತಮ್ಮ ಬಿಳಿ ಬೈರಾಸಿನಿಂದ ಒರೆಸಿದರು. ಹಿಮ್ಮಡಿಯ ಬಿರುಕುಗಳ ಮೇಲೆ ಅವರ ಹೆಬ್ಬೆರಳು ಸ್ವಲ್ಪ ಹೊತ್ತು ನಿಂತಿತು. ಮುಗಿಯಿತೆಂದು ಅಮ್ಮ ಏಳಹೊರಟಳು.

“ಇನ್ನೊಂದೂ ಕೊಡು” ಎಂದರು ಪಪ್ಪ.