ಕೂದಲೆಳೆಯ ಬಿರುಕು

"ಎಲ್ಲೂ ದೋಷ ಇಲ್ಲ, ಕಣ್ಮುಚ್ಚಿ ತಗೋ ಮಗಳೇ," ಎಂದು ಅಪ್ಪ ವಿಮಾನದ ಅಡಿಯಿಂದ ಕೂಗಿದಾಗ, ಅವರ ಟಾರ್ಚಿನ ಬೆಳಕು ಮುಂದಿನ ಚಕ್ರದ ಕಂಬಿಯಲ್ಲಿದ್ದ ಬಿರುಕಿನ ಮೇಲೆಯೇ ಬಿದ್ದಿತ್ತು.

ಅವಳು ವಿಮಾನ ಹಾರಿಸಲು ಕಲಿಯುತ್ತಿದ್ದ ನರ್ಸ್. ಎರಡೇ ಸೀಟಿನ ಹಗುರ ವಿಮಾನವೊಂದನ್ನು ಮೊದಲ ಬಾರಿಗೆ ಕೊಳ್ಳಲು ಬಂದಿದ್ದಳು. ಮೂವತ್ತು ವರ್ಷ ವಿಮಾನಗಳನ್ನೇ ರಿಪೇರಿ ಮಾಡಿದ್ದ ಅಪ್ಪ ಸರಿ ಎಂದರೆ ಮತ್ತೆ ಯಾರೂ ಸೊಲ್ಲೆತ್ತುತ್ತಿರಲಿಲ್ಲ.

ಅವಳು ಬಗ್ಗಿ ಅವರ ಪಕ್ಕ ಕುಳಿತಳು. "ಇನ್ನೊಂದ್ಸಲ ನೋಡಪ್ಪ."

"ನೋಡಿದ್ನಲ್ಲ! ನನಗೇ ಪಾಠ ಹೇಳ್ತೀಯಾ?" ಎಂದು ನಕ್ಕರು. ಕಣ್ಣು ಬಿರುಕಿನತ್ತಲೇ ಇತ್ತು. ಅವಳು ಅವರ ತೋರುಬೆರಳನ್ನು ಹಿಡಿದು ಬಿರುಕಿನ ಮೇಲಿಟ್ಟಳು.

ಬೆರಳು ಒಮ್ಮೆ ಸವರಿ ನಿಂತುಬಿಟ್ಟಿತು. ಮುಖದ ನಗು ಇಳಿದುಹೋಯಿತು.

"ಯಾವಾಗಿಂದ ಹೀಗೆ?" ಎಂದು ಅವಳು ಪಿಸುಗುಟ್ಟಿದಳು.

ಅಪ್ಪ ಹೊರಬಂದು, ಮಾರುವವನಿಗೆ ಹಳೆಯ ಗತ್ತಿನಲ್ಲೇ, "ಕಂಬಿ ಬಿರುಕು ಬಿಟ್ಟಿದೆ ಕಣಯ್ಯ, ಇದನ್ನ ಯಾರೂ ಹಾರಿಸ್ಬಾರ್ದು," ಎಂದರು. ಆಮೇಲೆ, ಎಂದೂ ಯಾರ ಆಸರೆಯನ್ನೂ ಬೇಡದ ಅವರು ಅವಳತ್ತ ಕೈಚಾಚಿದರು.

"ಮೆಟ್ಟಿಲಿದ್ರೆ ಮೊದ್ಲೇ ಹೇಳಮ್ಮ."