ಅರ್ಧಕ್ಕೆ ನಿಂತ ದನಿ

"ಇನ್‌ಸ್ಟಾಲ್ ಪೂರ್ಣಗೊಂಡಿಲ್ಲ" ಎಂಬ ಸಾಲು ಮತ್ತೆ ಮೂಡಿದ್ದೇ ಇಂಚರಾ ಟ್ಯಾಬಿನ ಸೆಟ್ಟಿಂಗ್ಸ್ ತೆರೆದಳು. ಆಸ್ಪತ್ರೆಯ ಮಂಚದ ಮೇಲೆ ಕೂತಿದ್ದ ತಾಯಿ ಹೇಮಾಕ್ಷಿ ಮಗಳ ಬೆರಳನ್ನೇ ನೋಡುತ್ತಿದ್ದಳು. ಕ್ಯಾನ್ಸರ್ ತಗುಲಿದ ಅವಳ ಧ್ವನಿಪೆಟ್ಟಿಗೆಯನ್ನು ಕಳೆದ ವಾರ ತೆಗೆದಿದ್ದರು.

ಅದಕ್ಕೂ ಮುಂಚೆ, ಸದ್ದು ಸೇರಬಾರದೆಂದು ವಿಜಯವಾಡದ ಮೇ ತಿಂಗಳ ಸೆಖೆಯಲ್ಲೂ ಫ್ಯಾನ್ ಆರಿಸಿ, ಬೆವರು ಒರೆಸಿಕೊಳ್ಳುತ್ತ, ಆ್ಯಪ್ ಕೊಟ್ಟ ಕನ್ನಡ ವಾಕ್ಯಗಳನ್ನೆಲ್ಲ ಅವಳು ಈ ಟ್ಯಾಬಿನಲ್ಲಿ ಓದಿ ರೆಕಾರ್ಡ್ ಮಾಡಿದ್ದಳು. ಕೊನೆಗೆ, ಯಾರೂ ಕೇಳದಿದ್ದರೂ, "ಇಂಚು, ತಿಂಡಿ ತಿಂದ್ಯಾ?" ಎಂದೂ ಸೇರಿಸಿದ್ದಳು. ಇನ್ನು ಅವಳು ಟೈಪ್ ಮಾಡಿದ್ದನ್ನು ಆ್ಯಪ್ ಅವಳದೇ ದನಿಯಲ್ಲಿ ಆಡಬೇಕಿತ್ತು. ಆದರೆ ಆ್ಯಪ್‌ನ ಹೊಸ ಆವೃತ್ತಿಯ ಇನ್‌ಸ್ಟಾಲ್ ಅರ್ಧಕ್ಕೇ ನಿಂತಿತ್ತು.

"ಇದನ್ನ ಪೂರ್ತಿ ತೆಗೆದು ಮತ್ತೆ ಹಾಕಿದ್ರೆ ಸರಿಹೋಗುತ್ತೆ," ಎಂದಳು ಇಂಚರಾ. ಹೇಮಾಕ್ಷಿ ತಟ್ಟನೆ ಅವಳ ಮಣಿಕಟ್ಟು ಹಿಡಿದಳು. ಬಾಯಿ ಅಲುಗಿತು, ಸದ್ದು ಬರಲಿಲ್ಲ. "ಪರ್ವಾಲೇದು ಅಮ್ಮ, ಯಾಕೆ ಗಾಬರಿ? ನಮ್ಮ ಆಫೀಸಲ್ಲಿ ದಿನಾ ಇದೇ ಕೆಲಸ," ಎಂದು ಮಗಳು ಮೆಲ್ಲಗೆ ಕೈ ಬಿಡಿಸಿಕೊಂಡು 'ಅನ್‌ಇನ್‌ಸ್ಟಾಲ್' ಒತ್ತಿದಳು. ಎಲ್ಲ ಡೇಟಾ ಅಳಿಸಬೇಕೇ ಎಂದು ಟ್ಯಾಬ್ ಕೇಳಿತು. ಆಫೀಸಿನ ಅಭ್ಯಾಸದಂತೆ, ಓದದೆಯೇ, ಅದಕ್ಕೂ ಹೂಂ ಎಂದು ಒತ್ತಿದಳು.

ಈ ಸಲ ಆ್ಯಪ್ ಎಲ್ಲೂ ನಿಲ್ಲದೆ ಇನ್‌ಸ್ಟಾಲ್ ಆಯಿತು. "ನೋಡಿದ್ಯಾ!" ಎಂದು ಇಂಚರಾ ನಗುತ್ತ ಟ್ಯಾಬನ್ನು ತಾಯಿಯ ಮುಂದೆ ಹಿಡಿದಳು. ಪರದೆಯಲ್ಲಿ ಹಸಿರು ಮೈಕು ಮಿನುಗುತ್ತಿತ್ತು. ಅದರ ಕೆಳಗೆ ಬರೆದಿತ್ತು: "ಸ್ವಾಗತ. ಮೊದಲನೆಯ ವಾಕ್ಯವನ್ನು ನಿಮ್ಮ ದನಿಯಲ್ಲಿ ಗಟ್ಟಿಯಾಗಿ ಓದಿ."