ಹದಿನೇಳನೆಯ ಪ್ರಶ್ನೆ

ಶ್ರಾವಣದ ಬೆಳಗು. ರಾಗಿ ಹೊಲದಲ್ಲಿ ಕಳೆ ಕೀಳುವ ಕೆಲಸ ನಡೆದಿತ್ತು. ವಿಶ್ವವಿದ್ಯಾಲಯದಲ್ಲಿ ಅಂತರರಾಷ್ಟ್ರೀಯ ಅಧ್ಯಯನ ಓದುತ್ತಿದ್ದ ಹುಡುಗಿ ಬದುವಿನ ಮೇಲೆ ಕುಳಿತು, ವಿದೇಶಿ ಸಂಸ್ಥೆಯೊಂದರ ಸಮೀಕ್ಷೆಯ ಪ್ರಶ್ನೆಗಳನ್ನು ಓದುತ್ತಿದ್ದಳು. ಪ್ರಶ್ನೆಯ ಒಂದಕ್ಷರ ಬದಲಿಸಿದರೂ ಅಲ್ಲಿ ಕೆಲಸ ಸಿಗದು ಎಂದಿದ್ದರು ಸಂಸ್ಥೆಯವರು.

“ನೀವು ಎಷ್ಟನೆಯ ತರಗತಿಯವರೆಗೆ ಓದಿದ್ದೀರಿ?”

“ಕೇಳ್ರಮ್ಮೋ, ನನ್ನೇ ‘ನೀವು’ ಅಂತಾವ್ಳೆ!” ಕಳೆ ಕೀಳುತ್ತಿದ್ದ ಹೆಂಗಸು ಪಕ್ಕದ ಸಾಲಿನವರಿಗೆ ಕೂಗಿ ಹೇಳಿ ನಕ್ಕಳು. “ಏಳ್ನೇ ಕ್ಲಾಸು. ಬರ್ಕೊ.”

“ಹದಿನೇಳನೆಯ ಪ್ರಶ್ನೆ. ಶಾಲೆ ಬಿಡಲು ಕಾರಣವೇನು? ದೂರ, ಮದುವೆ, ಅನಾರೋಗ್ಯ, ಇತರೆ.”

ಹೆಂಗಸು ಕುಡುಗೋಲಿನ ಮಣ್ಣು ಒರೆಸಿದಳು.

“ಇಬ್ರನ್ನೂ ಓದ್ಸಕ್ಕಾಗಲ್ಲ ಅಂದಿತ್ತಲ್ಲ ಅಪ್ಪ. ನೀನಾದ್ರೂ ಓದ್ಲಿ ಅಂತ ಬಿಟ್ಟೆ.”

ತಂಗಿ ‘ಇತರೆ’ ಎಂಬಲ್ಲಿ ಗುರುತು ಹಾಕಿ, ಹದಿನೆಂಟನೆಯ ಪ್ರಶ್ನೆ ಓದಿದಳು.